ಹಡಿಲು ಬಿದ್ದ ಗದ್ದೆಗಳು ಮತ್ತು ನಗರ ಸೇರಿದ ಒಡೆತನ

ಹಳ್ಳಿಗಳಿಂದ ಮಹಾನಗರಗಳಿಗೆ ನಡೆಯುವ ವಲಸೆಯ ಕುರಿತು ನಾವು ಓದುವ, ಕೇಳುವ ಚರ್ಚೆಗಳಲ್ಲಿ ಬಹುಪಾಲು ನಗರದ ಕಡೆಯಿಂದ ಹುಟ್ಟಿದವು. ಲೋಕಲ್ ರೈಲುಗಳ ನೂಕುನುಗ್ಗಲು, ಜೋಪಡಪಟ್ಟಿಗಳ ವಿಸ್ತಾರ, ನೀರಿನ ಕೊರತೆ, ಸ್ಥಳೀಯರು ಮತ್ತು ಪರಊರಿನವರೆಂಬ ರಾಜಕೀಯ, ಇವೇ ಅಲ್ಲಿನ ವಿಷಯಗಳು. ವಲಸೆ ಹೊರಟವರು ಹಿಂದೆ ಬಿಟ್ಟುಬಂದ ಭೂಮಿ ಏನಾಯಿತು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬರುವುದಿಲ್ಲ. ಆದರೆ ಮುಂಬಯಿ, ಪುಣೆ, ಠಾಣೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆ ನಿಂತಿರುವ ತುಳು-ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಊರಿನ ಪಹಣಿಯಲ್ಲಿ ಅಜ್ಜನ ಹೆಸರೋ, ಅಮ್ಮನ ಹೆಸರೋ, ನಮ್ಮದೇ ಹೆಸರೋ ಇರುವ ಮನೆಗಳು ನಮ್ಮ ನಡುವೆ ಅಸಂಖ್ಯ. ಆ ಪಹಣಿಯ ಗದ್ದೆಯಲ್ಲಿ ಈ ವರ್ಷ ನೇಜಿ ನೆಡಲಾಯಿತೇ ಎಂದು ಕೇಳಿದರೆ ಹೌದೆನ್ನಬಲ್ಲವರು ಮಾತ್ರ ವಿರಳ.

‘ಕೆಲಸಕ್ಕೆ ಜನ ಸಿಗುವುದಿಲ್ಲ, ಆದ್ದರಿಂದ ಗದ್ದೆ ಹಡಿಲು ಬಿತ್ತು’ ಎಂಬುದು ಇದಕ್ಕೆ ನಾವು ರೂಢಿಯಾಗಿ ಕೊಡುವ ಉತ್ತರ. ಇದರಲ್ಲಿ ಸತ್ಯವಿಲ್ಲವೆಂದಲ್ಲ, ಆದರೆ ಪೂರ್ಣ ಸತ್ಯವಿಲ್ಲ. ದೇಶದ ಒಟ್ಟು ಲೆಕ್ಕವನ್ನು ನೋಡೋಣ. 2001ರ ಜನಗಣತಿಯಲ್ಲಿ ಸ್ವಂತ ಸಾಗುವಳಿದಾರರ ಸಂಖ್ಯೆ ಸುಮಾರು 12.7 ಕೋಟಿ ಇತ್ತು. 2011ರಲ್ಲಿ ಅದು 11.9 ಕೋಟಿಗೆ ಇಳಿಯಿತು. ಅದೇ ಅವಧಿಯಲ್ಲಿ ಕೃಷಿ ಕೂಲಿಕಾರರ ಸಂಖ್ಯೆ ಸುಮಾರು 10.7 ಕೋಟಿಯಿಂದ 14.4 ಕೋಟಿಗೆ ಏರಿತು. ಅಂದರೆ ಸ್ವಂತ ಹೊಲದಲ್ಲಿ ದುಡಿಯುವವರು ಕಡಿಮೆಯಾದರೇ ಹೊರತು ಹೊಲದಲ್ಲಿ ದುಡಿಯುವ ಕೈಗಳು ಕಡಿಮೆಯಾಗಲಿಲ್ಲ. ಇಷ್ಟಾದರೂ ದೇಶದಲ್ಲಿ ಸುಮಾರು 14 ಕೋಟಿ ಹೆಕ್ಟೇರ್ ನಿವ್ವಳ ಸಾಗುವಳಿ ಭೂಮಿಯ ಜೊತೆಗೆ ಸುಮಾರು 2.5 ಕೋಟಿ ಹೆಕ್ಟೇರ್ ಭೂಮಿ ಪಾಳುಬಿದ್ದಿದೆ. ಒಂದು ಕಡೆ ಭೂಮಿಯಿಲ್ಲದ ಕೈಗಳು, ಇನ್ನೊಂದು ಕಡೆ ಕೈಗಳಿಲ್ಲದ ಭೂಮಿ. ಇವೆರಡೂ ಕೂಡದಿರಲು ಕಾರಣವೇನೆಂಬುದೇ ವಿಚಾರ ಮಾಡಬೇಕಾದ ವಿಷಯ.

ನಮಗೆ ಚೆನ್ನಾಗಿ ಗೊತ್ತಿರುವ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿನ ಹಿರಿಯರು ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ವಿಂಗಡಿಸಿದ್ದರು. ತಗ್ಗಿನ ಬೈಲು ಗದ್ದೆಗೆ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ನಡುವಿನ ಮಜಲಿಗೆ ಎರಡು. ಮಳೆಯನ್ನೇ ನಂಬಿದ ಎತ್ತರದ ಬೆಟ್ಟು ಗದ್ದೆಗೆ ಒಂದೇ ಬೆಳೆ. ಬೇಸಾಯ ಹಿಂದೆ ಸರಿದದ್ದೂ ಇದೇ ಕ್ರಮದಲ್ಲಿ. ಮೊದಲು ಬೆಟ್ಟು ಗದ್ದೆಗಳು ಹಡಿಲು ಬಿದ್ದವು, ಆಮೇಲೆ ಕೊಳಕೆ ಬೆಳೆ ನಿಂತಿತು, ಬಳಿಕ ಸುಗ್ಗಿ. ಈಗ ಬಹಳಷ್ಟು ಊರುಗಳಲ್ಲಿ ಉಳಿದಿರುವುದು ಏಣೆಲು ಮಾತ್ರ. ಈಚಿನ ವರ್ಷಗಳಲ್ಲಿ ಮುಂಗಾರು ಭತ್ತಕ್ಕೆ ಇಡುವ ಗುರಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 10,000 ಹೆಕ್ಟೇರ್‌ಗಿಂತ ಕಡಿಮೆ, ಉಡುಪಿ ಜಿಲ್ಲೆಯಲ್ಲಿ 40,000 ಹೆಕ್ಟೇರ್‌ಗಿಂತ ಕಡಿಮೆ. ಕುಚ್ಚಲಕ್ಕಿ ಗಂಜಿಯಿಂದ ದಿನ ಆರಂಭಿಸುವ ನಾಡು ಇಂದು ಅಕ್ಕಿಗಾಗಿ ಘಟ್ಟದ ಮೇಲಿನವರನ್ನೂ ಹೊರರಾಜ್ಯದವರನ್ನೂ ಅವಲಂಬಿಸಿದೆ.

ಆದರೆ ಗಮನಿಸಬೇಕಾದ ಒಂದು ಸಂಗತಿಯಿದೆ. ಕರಾವಳಿಯಿಂದ ಮುಂಬಯಿಗೆ ವಲಸೆ ಆರಂಭವಾದದ್ದು ಕಳೆದ ಶತಮಾನದ ಮೊದಲ ದಶಕಗಳಲ್ಲಿ. ಹಡಗು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಬದುಕು ಕಟ್ಟಿಕೊಂಡವರ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಆ ಕಾಲದಲ್ಲಿ ವಲಸೆಯಿಂದ ಗದ್ದೆಗಳು ಹಡಿಲು ಬೀಳಲಿಲ್ಲ. ಊರಿನಲ್ಲಿ ಕೂಡುಕುಟುಂಬವಿತ್ತು, ಹಿರಿಯರೂ ಹೆಂಗಸರೂ ಮನೆಯಲ್ಲಿದ್ದರು, ಗೇಣಿ ಒಕ್ಕಲುಗಳಿದ್ದರು. ಮುಂಬಯಿಯಿಂದ ಹೋದ ಮನಿಯಾರ್ಡರಿನ ಹಣ ಕೋಣಗಳಿಗೆ, ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಒದಗಿತು. ವಲಸೆ ಬೇಸಾಯವನ್ನು ಪೋಷಿಸಿತು ಎಂದರೂ ಅತಿಶಯೋಕ್ತಿಯಾಗಲಾರದು. ಕೈಗಳು ನಗರಕ್ಕೆ ಹೋದರೂ, ಯಾವ ಗದ್ದೆಗೆ ಯಾವಾಗ ನೀರು ಕಟ್ಟಬೇಕು, ಯಾರು ಉಳಬೇಕು ಎಂದು ನಿರ್ಧರಿಸುವವರು ಊರಿನಲ್ಲೇ ಉಳಿದಿದ್ದರು.

ಈ ವ್ಯವಸ್ಥೆ ಸಡಿಲವಾದದ್ದು ಮೂರು ಕಾರಣಗಳಿಂದ. ಮೊದಲನೆಯದು ಕುಟುಂಬದ ಪಾಲುಪಟ್ಟಿ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳ ತರುವಾಯ ದೊಡ್ಡ ಕವಲು ಕುಟುಂಬಗಳ ಆಸ್ತಿ ಹಂಚಿಹೋಯಿತು. ಹಕ್ಕಿನ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಒಂದೇ ಬೈಲಿನ ಗದ್ದೆಗಳ ಒಡೆತನ ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಚದುರಿತು. ಎರಡನೆಯದು 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ. ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಈ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದನು. ಭೂನ್ಯಾಯ ಮಂಡಳಿಗಳ ಮುಂದೆ ರಾಜ್ಯದಾದ್ಯಂತ ಸುಮಾರು 8 ಲಕ್ಷ ಅರ್ಜಿಗಳು ಬಂದವು. ಕರಾವಳಿಯ ಬಡ ಒಕ್ಕಲುಗಳಿಗೆ ಇದು ತಲೆಯೆತ್ತಿ ನಿಲ್ಲುವ ಬಲ ಕೊಟ್ಟಿತು. ಮೂರನೆಯದು ಶಿಕ್ಷಣ. ಹೊಸದಾಗಿ ಭೂಮಿ ಪಡೆದ ಒಕ್ಕಲಿನ ಮಕ್ಕಳೂ ಶಾಲೆ ಕಾಲೇಜು ಕಂಡರು, ಅವರೂ ನಗರದ ದಾರಿ ಹಿಡಿದರು. ಅವರ ಗದ್ದೆಗಳಲ್ಲಿ ಕೂಲಿಗೆ ದುಡಿಯುತ್ತಿದ್ದವರ ಮಕ್ಕಳೂ ಹಾಗೆಯೇ ಹೊರಟರು.

ಈ ಕೊನೆಯ ವರ್ಗದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಈಗ ಆಳುಗಳೇ ಸಿಗುವುದಿಲ್ಲ’ ಎಂದು ನಾವು ನಿಟ್ಟುಸಿರಿಡುವಾಗ, ಆ ಆಳುಗಳು ಯಾವ ಸ್ಥಿತಿಯಲ್ಲಿ ಕೆಸರಿನಲ್ಲಿ ನಿಂತು ದುಡಿಯುತ್ತಿದ್ದರು ಎಂಬುದನ್ನು ಮರೆಯಬಾರದು. ಅಂಗಳದಾಚೆ ನಿಂತು ಭತ್ತವನ್ನೇ ಕೂಲಿಯಾಗಿ ಪಡೆಯುತ್ತಿದ್ದವರ ಮೊಮ್ಮಗ ಇಂದು ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಕುಳಿತಿದ್ದರೆ ಅದು ನಾಡಿನ ನಷ್ಟವಲ್ಲ, ಲಾಭ. ಆದ್ದರಿಂದ ಹೋದವರೆಲ್ಲ ಹಿಂದಿರುಗಿ ಬರಲೆಂಬ ಹಂಬಲದಲ್ಲಿ ಪರಿಹಾರವಿಲ್ಲ. ಹಿಂದಿರುಗದವರ ಭೂಮಿಯನ್ನು ಇದ್ದವರ ಕೈಗೆ ಹೇಗೆ ಒಪ್ಪಿಸುವುದು ಎಂಬುದೇ ಪ್ರಶ್ನೆ.

ಇಲ್ಲಿಯೇ ತೊಡಕು ಎದುರಾಗುವುದು. ಕರ್ನಾಟಕ ಭೂಸುಧಾರಣಾ ಕಾಯಿದೆಯ 5ನೆಯ ಕಲಮು ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಸೈನಿಕರು, ನಾವಿಕರು ಮೊದಲಾದ ಕೆಲವರಿಗೆ ಮಾತ್ರ ಇದರಿಂದ ವಿನಾಯಿತಿ. ಅಂದಿನ ಧಣಿಗಳು ಹಿಂಬಾಗಿಲಿನಿಂದ ಗೇಣಿ ಪದ್ಧತಿಯನ್ನು ಮರಳಿ ತರಬಾರದೆಂಬ ಸದುದ್ದೇಶ ಅದರ ಹಿಂದಿತ್ತು. ಆದರೆ ಅರ್ಧ ಶತಮಾನ ಕಳೆದ ಮೇಲೆ, ಎರಡು ಎಕರೆ ಗದ್ದೆಯ ವಾರಸುದಾರನಾದ ಮುಂಬಯಿಯ ಹೋಟೆಲ್ ಕೆಲಸಗಾರ ಧಣಿಯೂ ಅಲ್ಲ, ನೆರೆಮನೆಯ ಸಣ್ಣ ರೈತ ಅವನ ಒಕ್ಕಲೂ ಅಲ್ಲ. ಆದರೂ ‘ಬೇಸಾಯಕ್ಕೆ ಬಿಟ್ಟರೆ ಗದ್ದೆ ಅವರದ್ದೇ ಆಗಿಬಿಡುತ್ತದೆ’ ಎಂಬ ಭಯ ಮನೆಮನೆಯಲ್ಲಿ ಬೇರೂರಿದೆ. ಬರಹದಲ್ಲಿ ಕೊಡುವಂತಿಲ್ಲ, ಬಾಯಿಮಾತಿನಲ್ಲಿ ಕೊಡಲು ಧೈರ್ಯವಿಲ್ಲ. ಪರಿಣಾಮವಾಗಿ ಗದ್ದೆ ಹಡಿಲು ಬೀಳುತ್ತದೆ. ಉಳುವವನಿಗೆ ಭೂಮಿ ಕೊಟ್ಟ ಕಾನೂನೇ ಇಂದು ಉಳಬಯಸುವವನನ್ನು ಗದ್ದೆಯ ಹುಣಿಯಾಚೆ ನಿಲ್ಲಿಸಿರುವುದು ವಿಪರ್ಯಾಸ. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆಯಿತು. ಗೇಣಿ ನಿಷೇಧವನ್ನು ಮಾತ್ರ ಮುಟ್ಟಲಿಲ್ಲ. ಭೂಮಿಯನ್ನು ಮಾರುವುದು ಸುಲಭವಾಯಿತು, ಬೇಸಾಯಕ್ಕೆ ಬಿಟ್ಟುಕೊಡುವುದು ಸುಲಭವಾಗಲಿಲ್ಲ.

ದೂರದಲ್ಲಿರುವ ಒಡೆಯನಿಗೆ ಹಾಗಾದರೆ ಉಳಿಯುವ ದಾರಿಗಳಾವುವು? ಒಂದು, ಸುಮ್ಮನೆ ಬಿಡುವುದು. ಎರಡು, ಗದ್ದೆಯಲ್ಲಿ ಅಡಿಕೆಯೋ ತೆಂಗೋ ಹಾಕುವುದು, ಬೆಟ್ಟಿನಲ್ಲಿ ಅಕೇಶಿಯಾ ಅಥವಾ ರಬ್ಬರ್ ನೆಡುವುದು. ಭತ್ತಕ್ಕೆ ವಾರವಾರವೂ ಕಣ್ಣಿರಬೇಕು. ನೀರು ಬಿಡುವುದು, ಕಟ್ಟುವುದು, ಕಳೆ ಕೀಳುವುದು ಮುಂದೂಡುವ ಕೆಲಸಗಳಲ್ಲ. ತೋಟವನ್ನಾದರೆ ಮುಂಬಯಿಯಿಂದ ಫೋನಿನಲ್ಲಿ ವಿಚಾರಿಸುತ್ತ, ವರ್ಷಕ್ಕೆರಡು ಸಲ ಹೋಗಿ ನೋಡುತ್ತ ನಡೆಸಬಹುದು. ಮೂರನೆಯ ದಾರಿ, ಹೆದ್ದಾರಿಯ ಬದಿಯ ಗದ್ದೆಗೆ ಮಣ್ಣು ತುಂಬಿಸಿ, ಭೂಪರಿವರ್ತನೆ ಮಾಡಿಸಿ, ನಿವೇಶನಗಳನ್ನಾಗಿ ಮಾರುವುದು. ಹಡಿಲು ಗದ್ದೆಯನ್ನು ಮರಳಿ ಉಳಬಹುದು. ಅಡಿಕೆ ತೋಟ ಒಂದು ತಲೆಮಾರಿನ ನಿರ್ಧಾರ. ಮಣ್ಣು ತುಂಬಿದ ಗದ್ದೆಯಂತೂ ಮತ್ತೆ ಗದ್ದೆಯಾಗುವುದಿಲ್ಲ.

‘ನಮ್ಮ ಗದ್ದೆ, ನಾವು ಹಡಿಲು ಬಿಟ್ಟರೆ ಯಾರಿಗೇನು ನಷ್ಟ’ ಎಂದು ಕೇಳುವವರುಂಟು. ಭತ್ತದ ಗದ್ದೆ ಒಂಟಿಯಾಗಿ ಬದುಕುವುದಲ್ಲ ಎಂಬುದೇ ಇದಕ್ಕೆ ಉತ್ತರ. ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹರಿಯಬೇಕು. ನಡುವಿನ ಎರಡು ಗದ್ದೆಗಳ ಹುಣಿ ಒಡೆದು ತೋಡು ಮುಚ್ಚಿಹೋದರೆ ಕೆಳಗಿನವನಿಗೆ ಒಮ್ಮೆ ನೆರೆ, ಇನ್ನೊಮ್ಮೆ ಬರ. ಹಡಿಲು ಗದ್ದೆಯ ಪೊದೆಗಳಲ್ಲಿ ಕಾಡುಹಂದಿ, ನವಿಲು, ಇಲಿಗಳು ಆಶ್ರಯ ಪಡೆದು ಪಕ್ಕದ ಪೈರಿಗೆ ನುಗ್ಗುತ್ತವೆ. ಟಿಲ್ಲರ್, ನಾಟಿ ಯಂತ್ರ, ಕಟಾವು ಯಂತ್ರಗಳು ಕೂಲಿಯ ಕೊರತೆಯನ್ನು ಬಹುಮಟ್ಟಿಗೆ ನೀಗಿಸಬಲ್ಲವು. ಆದರೆ ಇಡೀ ಬೈಲು ಒಟ್ಟಿಗೆ ಬೇಸಾಯವಾದರೆ ಮಾತ್ರ ಯಂತ್ರ ತರಿಸುವುದು ಗಿಟ್ಟುತ್ತದೆ. ಊರವರೆಲ್ಲ ಕೂಡಿ ಪ್ರತಿ ವರ್ಷ ತೋಡಿಗೆ ಹಾಕುತ್ತಿದ್ದ ಮಣ್ಣಿನ ಕಟ್ಟಗಳು, ಬೇಸಾಯ ಮಾಡುವವರ ಸಂಖ್ಯೆ ಕುಗ್ಗಿದಂತೆ ನಿಂತುಹೋದವು. ಮಳೆಗಾಲದುದ್ದಕ್ಕೂ ಗದ್ದೆಗಳಲ್ಲಿ ನಿಂತು ಇಂಗುತ್ತಿದ್ದ ನೀರು ಈಗ ನೇರವಾಗಿ ಹೊಳೆ ಸೇರಿ ಸಮುದ್ರ ಪಾಲಾಗುತ್ತದೆ. ಹೇರಳ ಮಳೆ ಸುರಿಯುವ ಕರಾವಳಿಯಲ್ಲಿ ಏಪ್ರಿಲ್ ಬಂತೆಂದರೆ ಬಾವಿಗಳ ತಳ ಕಾಣುವುದಕ್ಕೆ ಇದೂ ಒಂದು ಕಾರಣ.

ಆರ್ಥಿಕವಾಗಿ ಭತ್ತ ಲಾಭದಾಯಕವಲ್ಲ ಎಂಬ ಮಾತನ್ನು ನಾವು ತಳ್ಳಿಹಾಕುವುದಿಲ್ಲ. 2025–26ರ ಸಾಲಿಗೆ ಕೇಂದ್ರ ಸರಕಾರ ಸಾಮಾನ್ಯ ಭತ್ತಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಎಕರೆಗೆ 18 ಕ್ವಿಂಟಲ್ ಇಳುವರಿ ಎಂದು ಇಟ್ಟುಕೊಂಡರೂ ಒಟ್ಟು ಆದಾಯ 42,642 ರೂಪಾಯಿ. ಉಳುಮೆ, ನಾಟಿ, ಗೊಬ್ಬರ, ಕಟಾವುಗಳ ಖರ್ಚು ಕಳೆದರೆ ಉಳಿಯುವುದು ಅತ್ಯಲ್ಪ. ಕರಾವಳಿಯ ಏಣೆಲು ಬೆಳೆ ಬೇಗ ಕಟಾವಿಗೆ ಬರುವುದರಿಂದ, ಸರಕಾರದ ಖರೀದಿ ಕೇಂದ್ರಗಳು ಬಾಗಿಲು ತೆರೆಯುವ ಹೊತ್ತಿಗೆ ಭತ್ತ ಗಿರಣಿ ಸೇರಿರುತ್ತದೆಂಬ ದೂರು ವರ್ಷವರ್ಷವೂ ಕೇಳಿಬರುತ್ತದೆ. ಆದರೆ ಊರಿನಲ್ಲೇ ಇದ್ದು, ಮನೆಯವರ ದುಡಿಮೆಯನ್ನೂ ಸ್ವಂತದ ಟಿಲ್ಲರನ್ನೂ ಬಳಸಿ ಐದಾರು ಎಕರೆ ಒಟ್ಟಿಗೆ ಬೇಸಾಯ ಮಾಡುವವನ ಲೆಕ್ಕವೇ ಬೇರೆ. ಅವನಿಗೆ ಅಕ್ಕಿಯೂ ದಕ್ಕುತ್ತದೆ, ಹಸುವಿಗೆ ಬೈಹುಲ್ಲೂ ದಕ್ಕುತ್ತದೆ. ದೂರದ ಒಡೆಯನಿಗೆ ನಷ್ಟವಾಗುವ ಗದ್ದೆ ಹತ್ತಿರದ ರೈತನಿಗೂ ನಷ್ಟವೇ ಆಗಬೇಕೆಂದಿಲ್ಲ.

ಕರಾವಳಿಯ ಚಿತ್ರವೇ ಇಡೀ ಕರ್ನಾಟಕದ ಚಿತ್ರವಲ್ಲ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಗೋವಾಗಳ ಕಟ್ಟಡ ಕಾಮಗಾರಿಗಳಿಗೆ ಬರುವ ನಮ್ಮವರನ್ನು ನಾವು ದಿನವೂ ಕಾಣುತ್ತೇವೆ. ಅವರ ವಲಸೆ ಋತುಮಾನದ್ದು. ಮಳೆ ಬಿದ್ದಾಗ ಊರು, ಬೇಸಿಗೆಯಲ್ಲಿ ನಗರ. ಅಲ್ಲಿ ಭೂಮಿ ಕರಾವಳಿಯಷ್ಟು ಪಾಳು ಬೀಳುವುದಿಲ್ಲ. ಮುಂಗಾರಿನಲ್ಲಿ ಬಿತ್ತಿ ಡಿಸೆಂಬರ್–ಜನವರಿಯಲ್ಲಿ ಕೊಯ್ಯುವ ತೊಗರಿ, ಭತ್ತದಷ್ಟು ಕೈಗಳನ್ನು ಬೇಡದೆ ಈ ಬದುಕಿಗೆ ಹೊಂದಿಕೊಳ್ಳುತ್ತದೆ. ವರ್ಷಪೂರ್ತಿ ನಗರದಲ್ಲೇ ಉಳಿಯುವವರು ಹೊಲವನ್ನು ಬಾಯಿಮಾತಿನ ಮೇಲೆ ಲಾವಣಿಗೋ ಪಾಲಿಗೋ ಹಾಕಿ ಬರುತ್ತಾರೆ. ಆದರೆ ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿ ಇರುತ್ತದೆಯೇ ಎಂದು ತಿಳಿಯದ ಲಾವಣಿದಾರ ಅದಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವುದಿಲ್ಲ, ಒಡ್ಡು ಸರಿಪಡಿಸುವುದಿಲ್ಲ. ಅಲ್ಲಿ ಭೂಮಿ ಸಾಗುವಳಿಯಾಗುತ್ತಲೇ ಸೊರಗುತ್ತದೆ, ಇಲ್ಲಿ ಸಾಗುವಳಿಯಾಗದೆ ಹಡಿಲು ಬೀಳುತ್ತದೆ. ಎರಡರ ಮೂಲವೂ ಒಂದೇ, ಉಳುವವನ ಕೈಯಲ್ಲಿ ಭದ್ರತೆಯಿಲ್ಲ. ಇದೇ ಉತ್ತರ ಕರ್ನಾಟಕದ ಕಾರ್ಮಿಕರು ಮಂಗಳೂರು, ಉಡುಪಿಗಳಿಗೂ ಕೂಲಿಗೆ ಬರುತ್ತಾರೆ ಎಂಬುದನ್ನು ಗಮನಿಸಿದರೆ, ಕರಾವಳಿಯಲ್ಲಿ ಕೈಗಳೇ ಇಲ್ಲವೆಂಬ ವಾದ ಇನ್ನಷ್ಟು ಸಡಿಲವಾಗುತ್ತದೆ.

ಈ ಮಾತಿಗೆ ಈಚಿನ ಇತಿಹಾಸವೂ ಸಾಕ್ಷಿ ಹೇಳುತ್ತದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಘೋಷಣೆಯಾದಾಗ ನಗರಗಳಿಂದ ಜನ ಊರಿಗೆ ಮರಳಿದರು. ಕೇಂದ್ರದ ಕಾರ್ಮಿಕ ಸಮೀಕ್ಷೆಗಳ ಪ್ರಕಾರ ದೇಶದ ಒಟ್ಟು ಉದ್ಯೋಗದಲ್ಲಿ ಕೃಷಿಯ ಪಾಲು 2018–19ರಲ್ಲಿ ಶೇ. 42.5 ಇದ್ದದ್ದು 2020–21ರಲ್ಲಿ ಶೇ. 46.5ಕ್ಕೆ ಏರಿತು. 2021ರ ಮಳೆಗಾಲದಲ್ಲಿ ಉಡುಪಿಯಲ್ಲಿ ಅಂದಿನ ಶಾಸಕ ಕೆ. ರಘುಪತಿ ಭಟ್ ಅವರ ನೇತೃತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನವನ್ನು ಕೈಗೊಂಡು, ಒಂದು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಬೇಸಾಯ ಮಾಡಿಸಿತು. ಸಂಘ ಸಂಸ್ಥೆಗಳು, ವಿದ್ಯಾರ್ಥಿಗಳು, ಊರವರು ಗದ್ದೆಗಿಳಿದರು. ಬೆಳೆದ ಭತ್ತದ ಅಕ್ಕಿ ‘ಉಡುಪಿ ಕೇದಾರ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಹಲವು ವರ್ಷ ಹಡಿಲು ಬಿದ್ದ ಗದ್ದೆಯೂ ಒಂದೇ ಮಳೆಗಾಲದಲ್ಲಿ ಹಸಿರಾಗಬಲ್ಲದೆಂಬುದು ಇದರಿಂದ ಸಿದ್ಧವಾಯಿತು. ಆದರೆ ಆಂದೋಲನದ ಉತ್ಸಾಹ ಒಂದೆರಡು ಮಳೆಗಾಲದ್ದು, ಬೇಸಾಯ ಪ್ರತಿ ಮಳೆಗಾಲದ್ದು. ಅದನ್ನು ವರ್ಷವರ್ಷವೂ ನಡೆಸಲು ಬೇಕಾಗಿರುವುದು ಕಾನೂನಿನ ಆಸರೆ ಮತ್ತು ಒಡೆಯರ ಸಮ್ಮತಿ.

ನೆರೆರಾಜ್ಯಗಳು ಈ ದಿಸೆಯಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿವೆ. ಕೇರಳ 2008ರಲ್ಲಿ ಭತ್ತದ ಗದ್ದೆ ಹಾಗೂ ಜೌಗುಭೂಮಿ ಸಂರಕ್ಷಣಾ ಕಾಯಿದೆ ತಂದು ಗದ್ದೆಗಳಿಗೆ ಮಣ್ಣು ತುಂಬುವುದನ್ನು ನಿರ್ಬಂಧಿಸಿತು. ಅಲ್ಲಿನ ಕುಟುಂಬಶ್ರೀ ಮಹಿಳಾ ಗುಂಪುಗಳು ಪಾಳು ಗದ್ದೆಗಳನ್ನು ಪಡೆದು ಸಾಮೂಹಿಕ ಬೇಸಾಯ ನಡೆಸುತ್ತಿವೆ. ಆಂಧ್ರಪ್ರದೇಶ 2011ರಲ್ಲಿ ಪರವಾನಗಿ ಪಡೆದ ಸಾಗುವಳಿದಾರರ ಕಾಯಿದೆಯನ್ನು, 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯಿದೆಯನ್ನು ತಂದಿತು. ಎರಡನೆಯದರಲ್ಲಿ 11 ತಿಂಗಳ ಅವಧಿಯ ಒಪ್ಪಂದಕ್ಕೆ ಅವಕಾಶವಿದ್ದು, ಉಳುವವನಿಗೆ ಬೆಳೆಯ ಮೇಲೆ ಹಕ್ಕು, ಒಡೆಯನಿಗೆ ಭೂಮಿಯ ಮೇಲೆ ಹಕ್ಕು ಎಂಬ ವಿಂಗಡಣೆ ಸ್ಪಷ್ಟವಾಗಿದೆ. 2016ರಲ್ಲಿ ನೀತಿ ಆಯೋಗದ ತಜ್ಞ ಸಮಿತಿಯೂ ಮಾದರಿ ಕೃಷಿ ಭೂಮಿ ಗುತ್ತಿಗೆ ಕಾಯಿದೆಯ ಕರಡನ್ನು ರಾಜ್ಯಗಳ ಮುಂದಿಟ್ಟಿತು.

ಬ್ಯಾಂಕಿನ ಮೇಜಿನ ಈಚೆ ಕುಳಿತು ಕೆಲಸ ಮಾಡುವ ನಮ್ಮಂಥವರಿಗೆ ಈ ವಿಂಗಡಣೆಯ ಮಹತ್ವ ಬೇಗ ಅರ್ಥವಾಗುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಆರಂಭವಾಯಿತು. ಬಾಯಿಮಾತಿನ ಗೇಣಿದಾರರೂ ಪಾಲುದಾರರೂ ಅದಕ್ಕೆ ಅರ್ಹರೆಂದು ನಿಯಮ ಹೇಳುತ್ತದೆ. ನಾಲ್ಕರಿಂದ ಹತ್ತು ಮಂದಿ ಸೇರಿ ಜಂಟಿ ಹೊಣೆಗಾರಿಕೆ ಗುಂಪು ರಚಿಸಿಕೊಂಡು ಸಾಲ ಪಡೆಯುವ ನಬಾರ್ಡ್ ಯೋಜನೆಯೂ ಇದೆ. ಆದರೆ ಅರ್ಜಿ ಕೈಗೆ ಬಂದಾಗ ಬ್ಯಾಂಕು ಮೊದಲು ಕೇಳುವುದು ಪಹಣಿಯನ್ನು. ಅದರಲ್ಲಿ ಹೆಸರಿಲ್ಲದ ರೈತನಿಗೆ ಬೆಳೆ ಸಾಲ ದುರ್ಲಭ, ಬೆಳೆ ವಿಮೆ ದುರ್ಲಭ, ಬೆಳೆ ಹಾನಿಯಾದರೆ ಪರಿಹಾರವೂ ದುರ್ಲಭ. ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ನಿಧಿಯೂ ಭೂಮಿ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೇ. ಹೀಗೆ ನಿಜವಾಗಿ ಉಳುವವನು ಚಿನ್ನ ಅಡವಿಟ್ಟೋ ಕೈಸಾಲ ಮಾಡಿಯೋ ಬೇಸಾಯ ನಡೆಸುತ್ತಾನೆ. ಒಂದು ವರ್ಷ ಮಳೆ ಕೈಕೊಟ್ಟರೆ ಅವನೂ ನಗರದ ಬಸ್ಸು ಹತ್ತುತ್ತಾನೆ. ವಲಸೆಯಿಂದ ಭೂಮಿ ಹಡಿಲು ಬೀಳುತ್ತದೆ, ಹಡಿಲು ಬಿದ್ದ ಭೂಮಿ ಉಳಿದವರನ್ನೂ ವಲಸೆಗೆ ದೂಡುತ್ತದೆ.

ಊರಿನ ಭೂಮಿಯ ಮೇಲೆ ನಗರವಾಸಿಗಳಿಗಿರುವ ಮಮತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮೂಲಮನೆ, ನಾಗಬನ, ದೈವದ ಗುಡಿಗಳಿರುವ ನೆಲವನ್ನು ಮಾರಿ ಕೈತೊಳೆದುಕೊಳ್ಳಿ ಎಂದು ಯಾರಿಗೂ ಹೇಳಲಾಗದು. ನಿವೃತ್ತಿಯ ಬಳಿಕ ಊರಿಗೆ ಮರಳುವ ಆಸೆಯೂ ಅನೇಕರಲ್ಲಿದೆ. ಆದರೆ ಭೂಮಿಯನ್ನು ಉಳಿಸಿಕೊಳ್ಳುವುದಕ್ಕೂ ಅದನ್ನು ಹಡಿಲು ಬಿಡುವುದಕ್ಕೂ ಸಂಬಂಧವಿಲ್ಲ. ಉತ್ತ ಗದ್ದೆಯ ಗಡಿ ಎಲ್ಲರಿಗೂ ಕಾಣುತ್ತದೆ. ಪೊದೆ ಬೆಳೆದ ಗದ್ದೆಯ ಗಡಿಯಾದರೋ ಎರಡು ತಲೆಮಾರಿನಲ್ಲಿ ನೆನಪಿನಿಂದಲೂ ಅಳಿಸಿಹೋಗುತ್ತದೆ.

ಆದ್ದರಿಂದ ರಾಜ್ಯ ಸರಕಾರದ ಮುಂದೆ ನಾವಿಡುವ ಬೇಡಿಕೆ ಸ್ಪಷ್ಟ. ಭೂಸುಧಾರಣೆಯ ಆಶಯಕ್ಕೆ ಧಕ್ಕೆಯಾಗದಂತೆ, ಸಣ್ಣ ಹಿಡುವಳಿದಾರರು ತಮ್ಮ ಗದ್ದೆಯನ್ನು ಊರಿನ ಸಣ್ಣ ರೈತರಿಗೋ ಮಹಿಳಾ ಸ್ವಸಹಾಯ ಗುಂಪುಗಳಿಗೋ ನಿರ್ದಿಷ್ಟ ಅವಧಿಗೆ, ಬರಹದ ಮೂಲಕ ಬೇಸಾಯಕ್ಕೆ ಕೊಡಲು ಅವಕಾಶವಿರಬೇಕು. ಆ ಬರಹದಿಂದ ಒಡೆತನ ಕೈತಪ್ಪಬಾರದು. ಅದೇ ಬರಹದ ಆಧಾರದ ಮೇಲೆ ಉಳುವವನಿಗೆ ಸಾಲ, ವಿಮೆ, ಪರಿಹಾರ ದೊರೆಯಬೇಕು. ಮೂರರಿಂದ ಐದು ವರ್ಷದ ಅವಧಿಯಿದ್ದರೆ ಹುಣಿ ಕಟ್ಟಲು, ತೋಡು ಬಿಡಿಸಲು ಅವನಿಗೂ ಮನಸ್ಸು ಬಂದೀತು. ದೊಡ್ಡ ಕಂಪನಿಗಳು ಈ ಬಾಗಿಲಿನಿಂದ ನುಗ್ಗದಂತೆ ಮಿತಿಯನ್ನೂ ಹಾಕಬೇಕು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮಹಾನಗರದ ನಮ್ಮ ಸಂಘ ಸಂಸ್ಥೆಗಳು ವಾರ್ಷಿಕೋತ್ಸವ, ಸನ್ಮಾನ, ಯಕ್ಷಗಾನಗಳ ಜೊತೆಗೆ, ಪಾಲುಪಟ್ಟಿಯಾಗದೆ ಉಳಿದಿರುವ ಆಸ್ತಿ, ಖಾತೆ ಬದಲಾವಣೆ, ಸಾಗುವಳಿ ಸಮ್ಮತಿಗಳ ಬಗ್ಗೆ ಬಲ್ಲ ವಕೀಲರಿಂದ ಸಲಹೆ ಕೊಡಿಸುವ ಶಿಬಿರಗಳನ್ನು ಏರ್ಪಡಿಸಬಹುದು. ಊರಿನ ಸೇವಾ ಸಹಕಾರಿ ಸಂಘದ ಮೂಲಕ ಒಂದೇ ಬೈಲಿನ ಒಡೆಯರನ್ನೆಲ್ಲ ಒಟ್ಟುಗೂಡಿಸಬಹುದು. ಆ ಗದ್ದೆಗಳ ಕೆಂಪು ಕುಚ್ಚಲಕ್ಕಿಯನ್ನು ನ್ಯಾಯವಾದ ಬೆಲೆಗೆ ತರಿಸಿ ಸದಸ್ಯರ ಮನೆಗಳಿಗೆ ಮುಟ್ಟಿಸಬಹುದು. ಗೇಣಿ ಕೇಳದೆ, ವರ್ಷಕ್ಕೊಂದು ಮುಡಿ ಅಕ್ಕಿಗೆ ತೃಪ್ತರಾಗುವ ಒಡೆಯರೂ ನಮ್ಮಲ್ಲಿ ಕಡಿಮೆಯಿಲ್ಲ.

ಏಣೆಲು ಬೇಸಾಯಕ್ಕೆ ನೇಜಿ ಹಾಕುವುದು ಮುಂಗಾರಿನ ಮೊದಲ ಮಳೆಗೆ. ತೋಡಿನ ಹೂಳು ತೆಗೆಯುವುದು, ಹುಣಿ ಕಟ್ಟುವುದು, ಬಿತ್ತನೆ ಬೀಜ ತರುವುದು ಅದಕ್ಕೂ ಮೊದಲೇ ಆಗಬೇಕು. ಮಕ್ಕಳ ಬೇಸಿಗೆ ರಜೆಯಲ್ಲಿ ನಮ್ಮ ಬಹುಪಾಲು ಕುಟುಂಬಗಳು ಊರಿನಲ್ಲೇ ಇರುವ ಮೇ ತಿಂಗಳೇ ಇದಕ್ಕೆ ತಕ್ಕ ಕಾಲ. ಮದುವೆ, ಕೋಲ, ತಂಬಿಲಗಳಿಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಂದೆಡೆ ಸೇರಿದಾಗ, ಈ ಮಳೆಗಾಲ ಗದ್ದೆಯನ್ನು ಯಾರ ಕೈಗೆ ಒಪ್ಪಿಸುವುದೆಂಬ ಮಾತೂ ಅಲ್ಲಿಯೇ ತೀರ್ಮಾನವಾಗಲಿ. ಆ ನಿರ್ಧಾರವಾಗದೆ ಜೂನ್ ದಾಟಿತೆಂದರೆ ಗದ್ದೆ ಇನ್ನೊಂದು ವರ್ಷ ಹಡಿಲು.